ಹನ್ನೊಂದು ಬಾ

ಸೆಪ್ಟೆಂಬರ್ ೨, ಮಂಗಳವಾರ

ಬಾಯಿ ಮುಚ್ಚಿಕೊಂಡು ಬರೆಯುತ್ತಿದ್ದೇನೆ. ಬರೆಯುವವರೆಲ್ಲ ಹಾಗೆಯೇ ಬರೆಯುವುದು ನಿಜ, ಆದರೆ ನನಗೆ ಇದು ಡಾಕ್ಟರಮ್ಮನ ಆಜ್ಞೆ. ನಿನ್ನೆ ಬೆಳಿಗ್ಗೆ ಗಂಟಲಿನೊಳಗೆ ಕೊಳವೆ ಇಳಿಸಿ ಧ್ವನಿತಂತುವಿನ ಮೇಲಿದ್ದ ಗಂಟನ್ನು ತೆಗೆದರು. ಸಾಸಿವೆ ಕಾಳಿನಷ್ಟೂ ಇರಲಿಲ್ಲವಂತೆ. ಮೂವತ್ತೈದು ವರ್ಷ ರಂಗದ ಮೇಲೆ ಮೆರೆದ ದನಿಯನ್ನು ಅಷ್ಟು ಸಣ್ಣದೊಂದು ವಸ್ತು ಹಾಳು ಮಾಡಿತು ಎಂದರೆ ನನಗೆ ಅವಮಾನ. ಗೋಲಿಯಷ್ಟಾದರೂ ಇರಬಾರದಿತ್ತೆ?

ಹದಿನಾಲ್ಕು ದಿನ ಮಾತಿಲ್ಲ. ಪಿಸುಮಾತೂ ಇಲ್ಲ, ಅದು ಮಾತಿಗಿಂತ ಕೆಟ್ಟದ್ದಂತೆ. ಗಂಟಲು ಕೆರೆದುಕೊಳ್ಳುವ ಹಾಗಿಲ್ಲ, ಗುನುಗುವ ಹಾಗಿಲ್ಲ. "ಗಾಯ ಮಾಯೋಕೆ ಮುಂಚೆ ತಂತು ಎರಡೂ ಉಜ್ಜಿಕೊಂಡ್ರೆ ಕಲೆ ಉಳಿಯತ್ತೆ. ಕಲೆ ಉಳಿದ್ರೆ ಆ ಹಳೇ ದನಿ ಮರೆತುಬಿಡಿ," ಎಂದಳು ಡಾಕ್ಟರಮ್ಮ. ಗಿಡ್ಡ ಹೆಂಗಸು, ಒಂದು ಉಸಿರಿಗೆ ನಲವತ್ತು ಮಾತು. ರೋಗಿ ತಿರುಗಿ ಮಾತಾಡಲಾಗದಂಥ ವಿದ್ಯೆಯನ್ನು ಹುಡುಕಿಕೊಂಡು ಹೋಗಿ ಓದಿದ್ದಾಳೆ.

ಅಕ್ಟೋಬರ್ ಒಂದಕ್ಕೆ, ನನಗೆ ನಟನೆ ಕಲಿಸಿದ ಮೇಷ್ಟ್ರ ಹೊಸ ನಾಟಕದ ಓದು ಶುರು. ಮೂರು ಪಾತ್ರ, ಒಂದು ಮೇಜು, ಎರಡು ಕುರ್ಚಿ. ಹಾಡಿಲ್ಲ, ಕುಣಿತವಿಲ್ಲ, ಹೊಗೆ ಬಿಡುವ ಯಂತ್ರವಿಲ್ಲ. ತಾಯಿಯ ಪಾತ್ರ ನನ್ನದು. ಎರಡನೇ ಅಂಕದ ಕೊನೆಗೆ ಅವಳೊಬ್ಬಳೇ ನಿಂತು ಐದು ನಿಮಿಷ ಮಾತಾಡುತ್ತಾಳೆ. ಅಂಥ ಮಾತು ಬಾಯಿಗೆ ಸಿಗಲಿ ಎಂದು ನಾನು ಇಷ್ಟು ವರ್ಷ ಕಾದಿದ್ದೇನೆ. ಈಗ ಸಿಕ್ಕಿದೆ, ಬಾಯಿಗೆ ಬೀಗ ಬಿದ್ದಿದೆ.

ತಂಗಿ ಆಸ್ಪತ್ರೆಯಿಂದ ಸೀದಾ ತನ್ನ ಮನೆಗೆ ಕರೆತಂದಳು. ಬಾಗಿಲು ದಾಟುತ್ತಲೇ ಕೈಗೆ ಮಕ್ಕಳ ಸ್ಲೇಟು ಕೊಟ್ಟಳು. "ಬೈಯೋದಿದ್ರೆ ಇದರ ಮೇಲೆ ಬೈ. ಒರೆಸಿದ್ರೆ ಹೋಗತ್ತೆ, ನನಗೂ ಬೇಜಾರಿಲ್ಲ."

ಸೆಪ್ಟೆಂಬರ್ ೪, ಗುರುವಾರ

ತಂಗಿಗೆ ತಲೆ ಕೆಟ್ಟಿದೆ. ನನ್ನನ್ನು ತನ್ನ ಕೆಲಸಕ್ಕೆ ಕರೆಯುತ್ತಿದ್ದಾಳೆ.

ಅವಳ ಕೆಲಸ ಎಂದರೆ 'ನೂರು ದೀಪದ ಬಂದರು'. ಇಪ್ಪತ್ತೆರಡು ವರ್ಷದಿಂದ ಒಂದೇ ರಂಗಮಂದಿರದಲ್ಲಿ ಓಡುತ್ತಿರುವ ಹಾಡುನಾಟಕ. ದೀಪದಂಗಡಿಯವಳ ಪುಟ್ಟ ಮಗಳು ಹಡಗು ಹತ್ತಿ ಹೋಗುತ್ತಾಳೆ, ತಾಯಿ ಮುದುಕಿಯಾಗುವವರೆಗೆ ಕಾಯುತ್ತಾಳೆ, ಕೊನೆಗೆ ಹಡಗು ಬರುತ್ತದೆ. ಅಷ್ಟೇ ಕಥೆ. ಇದಕ್ಕೆ ಜನ ಏಳು ಸಲ, ಹತ್ತು ಸಲ ಬರುತ್ತಾರೆ. ಎಂಟು ಜನ ಚಕ್ರದ ಮೇಲೆ ತಳ್ಳಿಕೊಂಡು ಬರುವ ಆ ಹಡಗಿಗೆ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಾರೆ. ಅಲ್ಲಿ ಉಡುಪಿನ ಕೋಣೆಗೆ ನನ್ನ ತಂಗಿಯೇ ಮುಖ್ಯಸ್ಥೆ, ಮೊದಲ ದಿನದಿಂದಲೂ.

ನಾನು ನೋಡಿದ್ದು ಒಂದೇ ಒಂದು ಸಲ, ಹದಿನಾಲ್ಕು ವರ್ಷದ ಹಿಂದೆ. ನೋಡಿ ಬಂದು ರಂಗಪತ್ರಿಕೆಗೆ ಲೇಖನ ಬರೆದೆ. ತಲೆಬರಹ 'ಹನ್ನೊಂದು ಬಾ'. ಕೊನೆಯ ಹಾಡಿನಲ್ಲಿ ಆ ತಾಯಿ ಕಡಲಿನ ಕಡೆ ತಿರುಗಿ 'ಬಾ' ಎನ್ನುವ ಒಂದೇ ಪದವನ್ನು ಹನ್ನೊಂದು ಸಲ ಹಾಡುತ್ತಾಳೆ. ಕತ್ತಲಲ್ಲಿ ಬೆರಳು ಮಡಿಸಿ ಎಣಿಸಿದ್ದೆ. ಪದಗಳಿಗೆ ಇಷ್ಟು ಬರ ಬಂದಿರುವಾಗ ಹಡಗೇ ನಟರಿಗಿಂತ ಚೆನ್ನಾಗಿ ನಟಿಸುತ್ತದೆ ಎಂದು ಬರೆದೆ. ನಾಟಕದವರೆಲ್ಲ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಉಡುಪಿನ ಬಗ್ಗೆಯೂ ಒಂದು ಸಾಲು ಇತ್ತು, ಏನೆಂದು ಈಗ ನೆನಪಿಲ್ಲ.

"ಬಟ್ಟೆ ತೊಡಿಸೋಳೊಬ್ಬಳು ಮಣಿಕಟ್ಟು ಮುರ್ಕೊಂಡಿದಾಳೆ ಅಕ್ಕ," ಎನ್ನುತ್ತಾಳೆ ತಂಗಿ. "ರಂಗದ ಪಕ್ಕ ಸೈಡ್‌ವಿಂಗ್‌ನಲ್ಲಿ ತುಟಿ ಬಿಚ್ಚದೆ ಕೆಲಸ ಮಾಡೋರು ಬೇಕು. ಸದ್ಯಕ್ಕೆ ನಿನಗಿಂತ ಯೋಗ್ಯರು ಯಾರೂ ಇಲ್ಲ."

ಸ್ಲೇಟಿನ ಮೇಲೆ 'ಸಾಧ್ಯವೇ ಇಲ್ಲ' ಎಂದು ಬರೆದೆ. ಒತ್ತಿ ಬರೆದದ್ದಕ್ಕೆ ಬಳಪ ಮುರಿಯಿತು.

ಸೆಪ್ಟೆಂಬರ್ ೬, ಶನಿವಾರ

ಹೋದೆ. ಮನೆಯ ನಾಲ್ಕು ಗೋಡೆಗಳಿಗೇ ನನ್ನನ್ನು ನೋಡಿ ನೋಡಿ ಬೇಜಾರಾಗಿತ್ತು.

ಉಡುಪಿನ ಕೋಣೆ ನೆಲಮಾಳಿಗೆಯಲ್ಲಿದೆ. ಕಿಟಕಿಯಿಲ್ಲ. ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಮೂರು ಸಾಲು ಕಂಬಿ, ಕಂಬಿಯ ತುಂಬ ನೂರ ಎಂಬತ್ತು ಉಡುಪು. ಬೆವರು, ಸೋಪಿನ ಪುಡಿ, ಸುಟ್ಟ ಇಸ್ತ್ರಿಯ ವಾಸನೆ. ಇಡೀ ತಂಡ ತಂಗಿಯನ್ನು ಚಿಕ್ಕಮ್ಮ ಎನ್ನುತ್ತದೆ. ಹಾಗಾಗಿ ನಾನು ಕಾಲಿಟ್ಟ ಹತ್ತು ನಿಮಿಷಕ್ಕೇ ದೊಡ್ಡಮ್ಮ ಆದೆ. ಯಾರೂ ನನ್ನನ್ನು ಕೇಳಲಿಲ್ಲ, ಬೇಡ ಎನ್ನಲು ನನಗೆ ದನಿಯಿಲ್ಲ.

ನನ್ನ ಪಾಲಿಗೆ ಬಂದದ್ದು ನಾಯಕಿ. ಎಲ್ಲರೂ ಗುಬ್ಬಿ ಎಂದು ಕರೆಯುವ ಮೂವತ್ತು ವರ್ಷದ ಹೆಂಗಸು. ದೀಪದಂಗಡಿಯವಳ ಪಾತ್ರ ಅವಳದು. ಎರಡನೇ ಅಂಕದಲ್ಲಿ ಅವಳು ಒಂದು ಬಾಗಿಲಿನಿಂದ ಇಪ್ಪತ್ತೈದರ ಹೆಂಗಸಾಗಿ ಹೊರಬಂದು ಇನ್ನೊಂದು ಬಾಗಿಲಿನಿಂದ ಅರವತ್ತರ ಮುದುಕಿಯಾಗಿ ಒಳಹೋಗಬೇಕು. ನಡುವೆ ನಲವತ್ತು ಸೆಕೆಂಡು. ಸೈಡ್‌ವಿಂಗ್‌ನ ಮಬ್ಬು ನೀಲಿ ಬೆಳಕಿನಲ್ಲಿ ನಾನು ಬೆನ್ನಿನ ಕಡೆ, ತಂಗಿ ಮುಂದಿನ ಕಡೆ, ಕೂದಲಿನವಳು ತಲೆಗೆ. ಮೊದಲ ಸಲ ನಾನು ಅವಳ ತೋಳನ್ನು ತಲೆ ತೂರುವ ಜಾಗಕ್ಕೆ ತೂರಿಸಿದೆ. ಗುಬ್ಬಿ ಒಂದು ಕೈ ಶಾಲಿನೊಳಗೆ ಮುಚ್ಚಿಕೊಂಡೇ ಹೋಗಿ ಹಾಡಿದಳು. ಬಂದವಳು, "ದೊಡ್ಡಮ್ಮ, ಇವತ್ತು ಮುದುಕಿಗೆ ಪಾರ್ಶ್ವವಾಯು," ಎಂದು ನಕ್ಕಳು. ನಾನಾಗಿದ್ದರೆ ರಂಪ ಮಾಡುತ್ತಿದ್ದೆ.

ನಾಟಕ ಹದಿನಾಲ್ಕು ವರ್ಷದಲ್ಲಿ ಕಿಂಚಿತ್ತೂ ಸುಧಾರಿಸಿಲ್ಲ.

ಸೆಪ್ಟೆಂಬರ್ ೯, ಮಂಗಳವಾರ

ಬೆಳಿಗ್ಗೆಯಿಡೀ ಗುಂಡಿ ಹೊಲಿದೆ. ಈ ಉಡುಪುಗಳ ಮುಂದಿನ ಗುಂಡಿಗಳೆಲ್ಲ ಸುಳ್ಳು, ತೋರಿಕೆಗೆ. ನಿಜವಾಗಿ ಬಿಚ್ಚಿಕೊಳ್ಳುವುದು ಬೆನ್ನಿನಲ್ಲಿ. ಮೊದಲು ವೆಲ್ಕ್ರೋ ಇತ್ತಂತೆ. ಅದನ್ನು ಎಳೆದರೆ ಬರುವ ಚರ್ ಸದ್ದು ಮೈಕಿಗೆ ಸಿಕ್ಕಿ ಸಭಾಂಗಣಕ್ಕೆಲ್ಲ ಕೇಳಿಸುತ್ತಿತ್ತು. ತಂಗಿ ಎರಡು ತಿಂಗಳು ತಲೆ ಕೆಡಿಸಿಕೊಂಡು ಅಂಚಿನೊಳಗೆ ಪುಟ್ಟ ಪುಟ್ಟ ಅಯಸ್ಕಾಂತ ಇಟ್ಟು ಹೊಲಿದಳು. ಈಗ ಉಡುಪು ತಾನಾಗಿ ಮುಚ್ಚಿಕೊಳ್ಳುತ್ತದೆ, ಸದ್ದೇ ಇಲ್ಲ. ಇದನ್ನು ಅವಳು ನನಗೆ ಯಾವತ್ತೂ ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ.

ಮುದುಕಿಯ ಬೂದು ಉಡುಪಿಗೆ ಎಡ ಮಂಡಿಯ ಹತ್ತಿರ ತೇಪೆಯಿದೆ, ಬಲಗಡೆ ಇಲ್ಲ. ಸೊಂಟದ ಒಂದು ಕಡೆ ಬಟ್ಟೆ ಸವೆದಿದೆ. 'ಇದನ್ನು ಹೊಸದಾಗಿ ಹೊಲಿಯಲಾ?' ಎಂದು ಸ್ಲೇಟಿನಲ್ಲಿ ಕೇಳಿದೆ.

"ಅಯ್ಯೋ ಮಹರಾಯ್ತಿ, ಮುಟ್ಬೇಡ! ನಾನೇ ಉಜ್ಜಿ ಉಜ್ಜಿ ಸವೆಸಿದ್ದು ಅದು. ಅವಳು ದೀಪದ ಬುಟ್ಟಿ ಇಟ್ಕೊಳ್ಳೋ ಸೊಂಟ ಅಲ್ವಾ? ಮೂವತ್ತೈದು ವರ್ಷ ಎಡ ಮಂಡಿ ಊರಿ ದೀಪ ಹಚ್ಚಿದಾಳೆ, ತೇಪೆ ಅಲ್ಲೇ ಬೀಳ್ಬೇಕು."

'ಇದೆಲ್ಲ ಯಾರಿಗೆ ಕಾಣುತ್ತದೆ?'

"ಗುಬ್ಬಿಗೆ ಕಾಣತ್ತಲ್ಲ. ಹಾಕ್ಕೊಂಡ ಕೂಡ್ಲೇ ಅವಳ ಸೊಂಟ ಬಗ್ಗತ್ತೆ, ನೀನೇ ನೋಡು."

ನೋಡಿದೆ. ನಿಜ, ಬಗ್ಗುತ್ತದೆ. ಇಂಥ ಕೈಯನ್ನು ಇಂಥ ನಾಟಕಕ್ಕೆ ದಂಡ ಮಾಡುತ್ತಿದ್ದಾಳಲ್ಲ ಎಂದು ಹೊಟ್ಟೆ ಉರಿಯಿತು.

ಸೆಪ್ಟೆಂಬರ್ ೧೦, ಬುಧವಾರ

ತಂಗಿ ಇವತ್ತು ಯಾಕೋ ಖುಷಿಯಾಗಿದ್ದಾಳೆ. ಹೊಲಿಗೆ ಯಂತ್ರ ನಿಲ್ಲಿಸಿ ನಿಲ್ಲಿಸಿ ನನ್ನ ಕಡೆ ನೋಡುತ್ತಾಳೆ. ಏನು ಎಂದು ಹುಬ್ಬು ಹಾರಿಸಿದರೆ "ಏನಿಲ್ಲ, ನಿನ್ನ ಕೆಲಸ ನೀನು ಮಾಡು," ಎನ್ನುತ್ತಾಳೆ.

ಬದಲಾವಣೆ ಮೂವತ್ತೇಳು ಸೆಕೆಂಡಿಗೆ ಇಳಿಯಿತು. ಕೂದಲಿನವಳು ನನ್ನ ಬೆನ್ನು ತಟ್ಟಿದಳು. ರಾಜ್ಯಮಟ್ಟದ ಬಹುಮಾನ ಬಂದಾಗಲೂ ಇಷ್ಟು ಹಿಗ್ಗಿರಲಿಲ್ಲ ಎಂದು ಬರೆದರೆ ಅತಿಯಾಗುತ್ತದೆ. ಬರೆಯುವುದಿಲ್ಲ.

ಸೆಪ್ಟೆಂಬರ್ ೧೨, ಶುಕ್ರವಾರ

ಇವತ್ತು ಮಧ್ಯಾಹ್ನದ ಆಟದಲ್ಲಿ ಗುಬ್ಬಿ ಲೆಕ್ಕ ತಪ್ಪಿದಳು.

ಕೊನೆಯ ಹಾಡು. ವಾದ್ಯಗಳೆಲ್ಲ ನಿಂತು ಪಿಟೀಲೊಂದೇ ಉಳಿಯುವ ಜಾಗ. ನಾನು ಶಾಲು ಹಿಡಿದು ಸೈಡ್‌ವಿಂಗ್‌ನಲ್ಲಿದ್ದೆ. ಐದನೇ ಬಾ ಮುಗಿಸಿದವಳು ಕಡಲಿನ ಕಡೆ ನೋಡುವ ಬದಲು ನಮ್ಮ ಕಡೆ ನೋಡಿದಳು. ಆ ಕಣ್ಣು ನನಗೆ ಗೊತ್ತು. ನಾಲ್ಕುನೂರು ಸಲ ಹಾಡಿದ್ದು ಇದ್ದಕ್ಕಿದ್ದಂತೆ ಬೋಳಾಗಿ ನಿಂತಾಗ ಬರುವ ಕಣ್ಣು. ಎಷ್ಟಾಯಿತೋ ಮರೆತಿದ್ದಾಳೆ. ಹನ್ನೊಂದಕ್ಕೆ ಸರಿಯಾಗಿ ಹಡಗು ಹೊರಡಬೇಕು. ಎಂಟು ಜನ ಆ ಕಡೆ ಹಡಗಿಗೆ ಹೆಗಲು ಕೊಟ್ಟು ಅವಳ ಬಾ ಎಣಿಸುತ್ತ ನಿಂತಿದ್ದಾರೆ.

ನಾನು ಶಾಲು ಹೆಗಲ ಮೇಲೆ ಬಿಸಾಡಿ ಆರು ಬೆರಳು ಎತ್ತಿದೆ. ಅವಳು ಆರನೆಯದನ್ನು ಹಾಡಿದಳು. ಏಳು. ಎಂಟು ಸಣ್ಣದು, ಉಸಿರಿನಷ್ಟೇ, ಅದಕ್ಕೆ ಬೆರಳನ್ನು ಅರ್ಧ ಮಡಿಸಿ ತೋರಿಸಿದೆ. ಒಂಬತ್ತರಲ್ಲಿ ಸಿಟ್ಟಿದೆ, ಇಷ್ಟು ವರ್ಷ ಎಲ್ಲಿ ಸತ್ತಿದ್ದೆ ಎನ್ನುವ ಸಿಟ್ಟು. ಹತ್ತರಲ್ಲಿ ಆ ಸಿಟ್ಟಿಗೆ ಅವಳೇ ಕ್ಷಮೆ ಕೇಳುತ್ತಾಳೆ. ಹನ್ನೊಂದಕ್ಕೆ ನನ್ನ ಕೈಯಲ್ಲಿ ಬೆರಳು ಉಳಿದಿರಲಿಲ್ಲ. ಬಾಯಿ ಅಗಲ ತೆರೆದು ತೋರಿಸಿದೆ, ದನಿಯಿಲ್ಲದೆ. ಅವಳು ಅದನ್ನೇ ನೋಡಿಕೊಂಡು ಹಾಡಿದಳು. ಹಡಗು ಹೊರಟಿತು. ಜನ ಎದ್ದು ನಿಂತರು.

ಒಳಗೆ ಬಂದವಳೇ ನನ್ನನ್ನು ತಬ್ಬಿಕೊಂಡು ಗಳಗಳನೆ ಅತ್ತಳು. "ದೊಡ್ಡಮ್ಮ, ನಿಮಗೆ ಎಲ್ಲಾ ಬಾಯಿಪಾಠ!" ಎಂದಳು. ಹೌದಮ್ಮ, ಹಂಗಿಸುವುದಕ್ಕೆಂದು ಎಣಿಸಿದ್ದು ಉಪಯೋಗಕ್ಕೆ ಬಂತು. ಇದನ್ನು ಸ್ಲೇಟಿನ ಮೇಲೆ ಬರೆಯಲಿಲ್ಲ.

ಸೆಪ್ಟೆಂಬರ್ ೧೩, ಶನಿವಾರ

ಬೆಳಿಗ್ಗೆ ಎದ್ದಾಗ ತಲೆಯಲ್ಲಿ ಏನೋ ಒಂದು ರಾಗ ಓಡುತ್ತಿತ್ತು. ಎಲ್ಲಿಯದೋ ಗೊತ್ತಾಗಲಿಲ್ಲ. ಇನ್ನು ಎರಡೇ ದಿನ. ಸೋಮವಾರ ಬಾಯಿ ಬಿಡಿಸುತ್ತಾರೆ. ತಾಯಿಯ ಮಾತು ಮನಸ್ಸಿನಲ್ಲೇ ಮೂರು ಸಲ ಹೇಳಿಕೊಂಡೆ.

ಸೆಪ್ಟೆಂಬರ್ ೧೫, ಸೋಮವಾರ

ಡಾಕ್ಟರಮ್ಮ ಮೂಗಿನಿಂದ ಕ್ಯಾಮೆರಾ ಇಳಿಸಿ ಪರದೆ ನೋಡಿದಳು. ಮೊದಲ ಸಲ ಅವಳ ಬಾಯಿ ನಿಂತಿತು.

"ಮಾತಾಡಿದೀರಿ."

ಇಲ್ಲ ಎಂದು ತಲೆ ಅಲ್ಲಾಡಿಸಿದೆ.

"ಸುಳ್ಳು ಹೇಳ್ಬೇಡಿ. ಅಂಚು ಊದಿದೆ, ಕೆಂಪಾಗಿದೆ. ದಿನಾ ಗಂಟೆಗಟ್ಟಲೆ ದನಿ ಬಳಸಿದ ಹಾಗಿದೆ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹದಿನಾಲ್ಕು ದಿನ ಕಾಲಿಗೆ ಕುರ್ಚಿ ತಗುಲಿದರೂ ಅಮ್ಮಾ ಎಂದಿಲ್ಲ ನಾನು. ಸ್ಲೇಟು ತೆಗೆದು 'ನನ್ನ ತಂಗಿಯನ್ನೇ ಕೇಳಿ' ಎಂದು ಬರೆದೆ. ಪಕ್ಕದ ಕುರ್ಚಿಯಲ್ಲಿದ್ದ ತಂಗಿಯ ಮುಖ ಬಿಳಿಚಿಕೊಂಡಿತ್ತು.

"ಮಾತಾಡಿಲ್ಲ ಡಾಕ್ಟ್ರೇ. ಆದ್ರೆ... ಗುಂಡಿ ಹೊಲಿಯುವಾಗ ಗುನುಗ್ತಾಳೆ. ಅವಳಿಗೇ ಗೊತ್ತಾಗಲ್ಲ. ಕೊನೇ ಹಾಡು. ಬೆಳಿಗ್ಗೆಯಿಂದ ಸಾಯಂಕಾಲದವರೆಗೂ."

ನಾನು? ಆ ಹಾಡು?

ಇನ್ನೂ ಎರಡು ವಾರ ಮೌನ. ಇಪ್ಪತ್ತೊಂಬತ್ತಕ್ಕೆ ಮತ್ತೆ ನೋಡುತ್ತಾರೆ. ಕಲೆ ಉಳಿಯಬಹುದು, ಉಳಿಯದಿರಬಹುದು, ಈಗಲೇ ಏನೂ ಹೇಳುವ ಹಾಗಿಲ್ಲ.

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಸ್ಲೇಟಿನ ತುಂಬ ಒಂದೇ ಪ್ರಶ್ನೆ ಬರೆದೆ: 'ಯಾಕೆ ಹೇಳಲಿಲ್ಲ?'

ತಂಗಿ ಅದನ್ನು ಓದಿ ತಲೆ ತಗ್ಗಿಸಿದಳು. "ಕೇಳ್ತಾ ಇರಬೇಕು ಅನ್ನಿಸ್ತು ಅಕ್ಕ. ಇಪ್ಪತ್ತೆರಡು ವರ್ಷಕ್ಕೆ ಮೊದಲ ಸಲ ನಮ್ಮ ನಾಟಕ ನಿನ್ನ ಬಾಯಲ್ಲಿ ಬಂತು. ನಾಳೆ ಹೇಳಿದ್ರಾಯ್ತು, ನಾಳೆ ಹೇಳಿದ್ರಾಯ್ತು ಅಂತ ಸುಮ್ನಿದ್ದೆ."

ನಾನು ಆಟೊ ಹತ್ತಿ ನನ್ನ ಮನೆಗೆ ಬಂದೆ. ಅವಳನ್ನು ಅಲ್ಲೇ ಬಿಟ್ಟು.

ಸೆಪ್ಟೆಂಬರ್ ೧೭, ಬುಧವಾರ

ಅವಳಿಗೆ ಖುಷಿಯಾಗಲಿ ಎಂದು ನನ್ನ ದನಿ ಹೋಗಬೇಕೇ? ಸ್ವಂತ ತಂಗಿ!

ಸೆಪ್ಟೆಂಬರ್ ೧೮, ಗುರುವಾರ

ಏನೂ ಇಲ್ಲ.

ಸೆಪ್ಟೆಂಬರ್ ೨೦, ಶನಿವಾರ

ಈ ಮನೆಯಲ್ಲಿ ನಾನು ಗುನುಗುತ್ತೇನೋ ಇಲ್ಲವೋ ಹೇಳುವವರಿಲ್ಲ. ಅದೇ ಭಯ. ಮುಖ ತೊಳೆಯುವಾಗ, ಪಾತ್ರೆ ತೊಳೆಯುವಾಗ ಕೈಯನ್ನು ಗಂಟಲಿಗೆ ಒತ್ತಿ ಹಿಡಿಯುತ್ತೇನೆ, ನಡುಗುತ್ತಿದೆಯೇ ಎಂದು. ಎರಡು ಸಲ ನಡುಗುತ್ತಿತ್ತು. ಹಾಳು ಹಾಡು, ಅಂಟಿದರೆ ಬಿಡುವುದೇ ಇಲ್ಲ. ಕಟ್ಟಿದವನ ಕೈ ಮುರಿಯ. ಎಷ್ಟು ಚೆನ್ನಾಗಿ ಕಟ್ಟಿದ್ದಾನೆ.

ಬೆಳಿಗ್ಗೆ ಹತ್ತಕ್ಕೆ ಗುಬ್ಬಿ ಬಂದಳು. ಸೋಫಾದ ತುದಿಯಲ್ಲಿ ಕೂತು, "ಮೊನ್ನೆ ಹನ್ನೆರಡು ಬಾ ಹಾಡಿಬಿಟ್ಟೆ ದೊಡ್ಡಮ್ಮ," ಎಂದಳು. "ಹಡಗು ಬಂದು ನಿಂತಿದೆ, ಮಗಳು ಇಳಿದು ನನ್ನ ಮುಂದೆನೇ ನಿಂತಿದಾಳೆ, ನಾನು ಇನ್ನೂ ಬಾ ಅಂತಿದೀನಿ. ಆ ಹುಡುಗಿ 'ಬಂದೆನಲ್ಲಮ್ಮ' ಅಂದುಬಿಟ್ಟಳು. ಜನ ಬಿದ್ದು ಬಿದ್ದು ನಕ್ರು."

ಸದ್ದಿಲ್ಲದೆ ನಗುವುದು ಎಷ್ಟು ಕಷ್ಟ ಎಂದು ಇವತ್ತು ತಿಳಿಯಿತು. ದಿಂಬು ಕಚ್ಚಿಕೊಂಡೆ.

ಹೋಗುವಾಗ ಅವಳು ಬಾಗಿಲಲ್ಲಿ ನಿಂತಳು. "ಚಿಕ್ಕಮ್ಮ ನಾನು ಬಂದಿದ್ದು ಗೊತ್ತಾದ್ರೆ ಬೈತಾರೆ. ಅಕ್ಕನಿಗೆ ತೊಂದರೆ ಕೊಡ್ಬೇಡ ಅಂದಿದಾರೆ. ದಿನಾ ನಿಮ್ಮ ಕುರ್ಚಿ ಮೇಲಿನ ಧೂಳು ಮಾತ್ರ ಒರೆಸ್ತಿರ್ತಾರೆ."

ದಿನಾ ಒರೆಸುವಷ್ಟು ಧೂಳು ಎಲ್ಲಿಂದ ಬರುತ್ತದೆ? ಇಲ್ಲದ ಧೂಳನ್ನು ಒರೆಸುತ್ತಿದ್ದಾಳೆ ಪೆದ್ದಿ. ಮಧ್ಯಾಹ್ನದ ಆಟಕ್ಕೆ ನಾನೂ ಹೊರಟೆ.

ಕೋಣೆಗೆ ಹೋದಾಗ ತಂಗಿ ತಲೆ ಎತ್ತಿ ನೋಡಿ ಬೂದು ಉಡುಪನ್ನು ನನ್ನ ಮಡಿಲಿಗೆ ಹಾಕಿದಳು. ಆಮೇಲೆ ದೊಡ್ಡ ಕತ್ತರಿ ಎತ್ತಿ ತನ್ನ ಮುಂದಿಟ್ಟುಕೊಂಡಳು. "ಇನ್ಮೇಲೆ ನೀನು ಗುನುಗಿದ ಕೂಡ್ಲೇ ಮೇಜಿನ ಮೇಲೆ ಟಕ್ ಅಂತ ಹೊಡೀತೀನಿ. ಬೇಜಾರು ಮಾಡ್ಕೋಬೇಡ."

ಇವತ್ತು ಹದಿನೇಳು ಟಕ್.

ಸೆಪ್ಟೆಂಬರ್ ೨೨, ಸೋಮವಾರ

ಹನ್ನೊಂದು ಟಕ್. ಪ್ರತಿ ಸಲ ಹೊಡೆದಾಗಲೂ ಅವಳ ಮುಖ ಸಣ್ಣಗಾಗುತ್ತದೆ. ಕೇಳಲು ಆಸೆಪಟ್ಟದ್ದನ್ನು ತಾನೇ ನಿಲ್ಲಿಸಬೇಕು. ನನಗೋಸ್ಕರ ಈ ಹಾಳು ಕೆಲಸ ಇನ್ಯಾರು ಮಾಡುತ್ತಾರೆ? ದೇವರೇ, ಇವಳಂಥವಳನ್ನು ನನಗೆ ಯಾಕೆ ಕೊಟ್ಟೆಯೋ ಗೊತ್ತಿಲ್ಲ, ಕೊಟ್ಟೆಯಲ್ಲ, ಅಷ್ಟು ಸಾಕು.

ಸೆಪ್ಟೆಂಬರ್ ೨೪, ಬುಧವಾರ

ಆರು ಟಕ್.

ಮೇಷ್ಟ್ರು ಬಂದಿದ್ದರು. ನನ್ನನ್ನು ಹುಡುಕಿಕೊಂಡು ಬಂದವರಿಗೆ ಗುಬ್ಬಿ ಮುಂದಿನ ಸಾಲಿನಲ್ಲೇ ಸೀಟು ಕೊಡಿಸಿದಳು. ಆಟ ಮುಗಿದ ಮೇಲೆ ನೆಲಮಾಳಿಗೆಗೆ ಇಳಿದು ಬಂದು, ಕೋಟು ಕೊಡವಿ, ಇಸ್ತ್ರಿ ಮೇಜಿಗೆ ಒರಗಿ ನಿಂತರು.

"ಏನೇ ಇದು ನಿನ್ನ ಅವಸ್ಥೆ! ಇಂಥ ಗದ್ದಲದಲ್ಲಿ ಬಂದು ಬಟ್ಟೆ ಮಡಿಸ್ತಾ ಕೂತಿದೀಯ. ಅಬ್ಬಬ್ಬಾ, ಅದೇನು ಹೊಗೆ, ಅದೇನು ಹಡಗು, ಅದೇನು ಒಂದೇ ಪದಾನ ಅಗಿದಿದ್ದೇ ಅಗಿದಿದ್ದು."

ತಂಗಿ ತಲೆ ಎತ್ತದೆ ಹೊಲಿಯುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು. ಮೇಷ್ಟ್ರು ಹಡಗು ಬಂದಾಗ ನಿದ್ದೆ ಹೋಗಿದ್ದರು. ಸೈಡ್‌ವಿಂಗ್‌ನಿಂದ ನೋಡಿದ್ದೇನೆ, ಗಲ್ಲ ಎದೆಗೆ ತಾಗಿತ್ತು. ಸ್ಲೇಟಿನಲ್ಲಿ ಬರೆದೆ: 'ಗೊರಕೆ ಹೊಡೆದವರು ವಿಮರ್ಶೆ ಮಾಡಬಾರದು. ಹನ್ನೊಂದು ಸಲ ಬೇರೆ ಬೇರೆ ಬಾ ಇದೆ.'

ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. "ನಾನು ಆಡಿದ ಮಾತೆಲ್ಲ ನಿನ್ನದೇ ಅಲ್ವೇನೇ? ನೀನು ಬರೆದಿದ್ದನ್ನೇ ತಾನೇ ನಾನು ಇಷ್ಟು ವರ್ಷ ಎಲ್ಲರಿಗೂ ಹೇಳ್ಕೊಂಡು ಬಂದಿರೋದು?"

ಉತ್ತರ ಕೊಡಬಹುದಿತ್ತು. ಸ್ಲೇಟು ಚಿಕ್ಕದು.

ನಾನೇನೂ ಬದಲಾಗಿಲ್ಲ. ಮೊದಲ ಅಂಕದ ಮೀನುಗಾರರ ಕುಣಿತ ಈಗಲೂ ತಲೆನೋವು, ಅದನ್ನು ಕಿತ್ತು ಹಾಕಿದರೆ ಯಾರೂ ಅಳುವುದಿಲ್ಲ. ಆದರೆ ನ್ಯಾಯ ಅಂತ ಒಂದಿದೆ.

ಹೊರಡುವಾಗ ಮೇಷ್ಟ್ರು ದನಿ ತಗ್ಗಿಸಿದರು. "ಸೋಮವಾರ ಸಾಯಂಕಾಲ ಆರಕ್ಕೆ ಪೋಸ್ಟರು ಅಚ್ಚಿಗೆ ಹೋಗತ್ತೆ. ಅದರ ಒಳಗೆ ಫೋನ್ ಮಾಡಿ ತಾಯಿಯ ಮಾತು ಪೂರ್ತಿ ಕೇಳಿಸು. ಐದೇ ನಿಮಿಷ. ದನಿ ಇದೆ ಅಂತ ಗೊತ್ತಾದ್ರೆ ಓದಿಗೆ ಎಷ್ಟು ದಿನ ಬೇಕಾದ್ರೂ ಕಾಯ್ತೀನಿ. ಇಲ್ಲದಿದ್ರೆ ಇನ್ನೊಬ್ಬರ ಹೆಸರು ಹಾಕ್ಬೇಕು. ನನ್ನ ಮೇಲೆ ಸಿಟ್ಟಾಗ್ಬೇಡ."

ಸಿಟ್ಟಿಲ್ಲ ಮೇಷ್ಟ್ರೇ. ನಿಮ್ಮಿಂದಲೇ ನಾನು ನಿಂತು ಮಾತಾಡಲು ಕಲಿತದ್ದು.

ಸೆಪ್ಟೆಂಬರ್ ೨೬, ಶುಕ್ರವಾರ

ಒಂದು ಟಕ್. ಅದೂ ನಾನಲ್ಲ, ಇಸ್ತ್ರಿ ಪೆಟ್ಟಿಗೆ ಉಸ್ಸೆಂದದ್ದು.

ಸೆಪ್ಟೆಂಬರ್ ೨೮, ಭಾನುವಾರ

ನಾಳೆ. ಮಾಡಲು ಕೆಲಸ ಇರಲಿಲ್ಲ, ಆಟಕ್ಕೆ ರಜೆ. ಸುಮ್ಮನೆ ಕೂತು ಯೋಚಿಸಿದೆ. ದನಿ ಬರದಿದ್ದರೆ ಏನು ಮಾಡುತ್ತೇನೆ? ಮೂವತ್ತೈದು ವರ್ಷ ನಾನು ಕೋಣೆಯೊಳಗೆ ಕಾಲಿಡುವ ಮೊದಲೇ ನನ್ನ ದನಿ ಕಾಲಿಡುತ್ತಿತ್ತು. ಅದಿಲ್ಲದೆ ಈ ನಾಲ್ಕು ವಾರ ಬರೀ ನಾನು ಹೋಗಿ ನಿಂತೆ. ನಿಂತಲ್ಲಿ ಜನ ಕುರ್ಚಿ ಕೊಟ್ಟರು, ಕೈಗೆ ಕೆಲಸ ಕೊಟ್ಟರು, ದೊಡ್ಡಮ್ಮ ಎಂದರು. ಅದಕ್ಕೆ ಮುಂಚೆ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ.

ಆದರೂ ದನಿ ಬೇಕು. ಬೇಕೇ ಬೇಕು. ಆ ತಾಯಿಯ ಮಾತು ಆಡದೆ ಸಾಯಲಾರೆ.

ಸೆಪ್ಟೆಂಬರ್ ೨೯, ಸೋಮವಾರ

ಬಂತು.

ಡಾಕ್ಟರಮ್ಮ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಎರಡು ಬಿಳಿ ಅಂಚು, ಸ್ವಚ್ಛ, ಕಲೆಯಿಲ್ಲ. "ಈಗ ಆ ಅನ್ನಿ. ಮೆತ್ತಗೆ." ನಾನು ಆ ಎಂದೆ. ಸ್ವಲ್ಪ ತಗ್ಗು, ಅಂಚಿನಲ್ಲಿ ಸ್ವಲ್ಪ ಒರಟು, ಆದರೆ ನನ್ನದೇ. ಪಕ್ಕದಲ್ಲಿ ತಂಗಿ ಕರವಸ್ತ್ರ ಹುಡುಕಿ ಸಿಗದೆ ಸೆರಗಿನಲ್ಲೇ ಮೂಗು ಒರೆಸಿಕೊಂಡಳು.

"ಕುಣಿಬೇಡಿ," ಎಂದಳು ಡಾಕ್ಟರಮ್ಮ. "ಈ ವಾರ ದಿನಕ್ಕೆ ಐದು ನಿಮಿಷ, ಒಂದು ಸೆಕೆಂಡೂ ಜಾಸ್ತಿ ಇಲ್ಲ. ಮುಂದಿನ ವಾರ ಹತ್ತು. ಗಡಿಯಾರ ಇಟ್ಕೊಂಡು ಮಾತಾಡಿ. ಯಾರ ಹತ್ರ ಮಾತಾಡ್ತೀರಿ ಅಂತ ಮೊದಲೇ ಯೋಚನೆ ಮಾಡಿ."

ಯೋಚನೆ ಮಾಡುವಂಥದ್ದೇನಿತ್ತು? ಐದು ನಿಮಿಷ ಮೇಷ್ಟ್ರದು. ತಾಯಿಯ ಮಾತಿಗೂ ಸರಿಯಾಗಿ ಅಷ್ಟೇ ಬೇಕು. ತಂಗಿಯೇ ದಾರಿಯುದ್ದಕ್ಕೂ ಹೇಳಿದಳು, "ಒಂದು ಅಕ್ಷರನೂ ಪೋಲು ಮಾಡ್ಬೇಡ ಅಕ್ಕ. ನನ್ನ ಹತ್ರ ಸ್ಲೇಟಲ್ಲೇ ಹೇಳು. ಕೋಣೆಯಲ್ಲಿ ಯಾರೂ ಇರಲ್ಲ, ಬಾಗಿಲು ಹಾಕ್ಕೊಂಡು ಫೋನ್ ಮಾಡು."

ಮಧ್ಯಾಹ್ನ ಎರಡಕ್ಕೆ ಉಡುಪಿನ ಕೋಣೆಗೆ ಬಂದೆವು. ಅವಳು ನನ್ನ ಕುರ್ಚಿ ಎಳೆದಳು, ನೀರಿನ ಲೋಟ ಇಟ್ಟಳು, ಗೋಡೆಯ ಗಡಿಯಾರವನ್ನು ಇಳಿಸಿ ನನ್ನ ಎದುರಿಗೆ ನಿಲ್ಲಿಸಿದಳು. ಫೋನನ್ನು ನನ್ನ ಕೈಗಿಟ್ಟು ಹೊರಗೆ ಹೊರಟಳು. ಬಾಗಿಲಿನ ಹತ್ತಿರ ಹೋದವಳು ವಾಪಸ್ಸು ಬಂದು, ನನ್ನ ಗಂಟಲಿಗೆ ಗಾಳಿ ತಾಗಬಾರದೆಂದು ಮುದುಕಿಯ ಆ ಬೂದು ಶಾಲನ್ನು ಸುತ್ತಿದಳು. ಗಂಟಲಿಗೆ ಚುಚ್ಚಬಾರದೆಂದು ಒರಟು ಕಡೆಯನ್ನು ಹೊರಕ್ಕೆ ತಿರುಗಿಸಿ ಸುತ್ತಿದಳು.

"ಕೂತ್ಕೋ," ಎಂದೆ.

ನಾಲ್ಕು ವಾರದ ಮೇಲೆ ನಾನಾಡಿದ ಮೊದಲ ಮಾತು. ಅವಳು ಬೆಚ್ಚಿ, "ಅಯ್ಯೋ, ಶುರುವಾಗೋಯ್ತು, ಗಡಿಯಾರ ಓಡ್ತಿದೆ, ಸುಮ್ನಿರು!" ಎಂದಳು. ನನಗೆ ಒಂದೇ ಒಂದು ಮಾತು ಹೇಳಬೇಕಿತ್ತು. ಹೇಳಿ ಫೋನ್ ಮಾಡೋಣ ಎಂದುಕೊಂಡಿದ್ದೆ.

ಒಂದು ಹೇಳಿದರೆ ಇನ್ನೊಂದು ಬಂತು. ಆ ಅಯಸ್ಕಾಂತಗಳ ಬಗ್ಗೆ ಹೇಳಿದೆ. ಮಂಡಿಯ ತೇಪೆಯ ಬಗ್ಗೆ ಹೇಳಿದೆ. ನೂರ ಎಂಬತ್ತು ಉಡುಪಿನಲ್ಲಿ ಒಂದೊಂದಕ್ಕೂ ಒಬ್ಬ ಮನುಷ್ಯನ ಮೈ ಗೊತ್ತಿದೆ, ಅದನ್ನು ಗೊತ್ತು ಮಾಡಿಸಿದವಳು ನೀನು ಎಂದೆ. ನಾನು ಅಷ್ಟು ದೊಡ್ಡ ನಟಿ ಅಂತ ಮೆರೆದೆನಲ್ಲ, ನೀನು ಈ ಮುದುಕಿಯನ್ನು ತಿಳಿದುಕೊಂಡಷ್ಟು ನಾನು ನನ್ನ ಒಂದು ಪಾತ್ರವನ್ನೂ ತಿಳಿದುಕೊಂಡಿರಲಿಲ್ಲ ಎಂದೆ. ನೀನು ವರ್ಷಕ್ಕೊಂದು ಟಿಕೆಟ್ ಕಳಿಸಿದೆ, ಹದಿನಾಲ್ಕು ಟಿಕೆಟ್, ನಾನು ಒಂದಕ್ಕೂ ಬರಲಿಲ್ಲ, ಕ್ಷಮಿಸು ಎಂದೆ. ಸ್ಲೇಟಿನ ಮೇಲೆ ಕ್ಷಮಿಸು ಎಂದು ಬರೆದರೆ ಒರೆಸಿಬಿಡುತ್ತೀಯ, ಅದಕ್ಕೇ 'ಕೂತ್ಕೋ' ಅಂದದ್ದು ಎಂದೆ. ಆಮೇಲೆ ಸ್ಲೇಟು, ಕುರ್ಚಿ, ಕತ್ತರಿ, ಏನೇನೋ. ದನಿ ಎರಡು ಕಡೆ ಒಡೆಯಿತು. ಅವಳು ಅಳುತ್ತಲೇ ಗಡಿಯಾರ ನೋಡುತ್ತಿದ್ದಳು, ನೋಡುತ್ತಲೇ ಕೈ ಆಡಿಸಿ ಸಾಕು ಸಾಕು ಎನ್ನುತ್ತಿದ್ದಳು. ನಿಲ್ಲಿಸು ಎಂದು ಬಾಯಿಬಿಟ್ಟು ಹೇಳಲು ಮಾತ್ರ ಅವಳಿಂದಲೂ ಆಗಲಿಲ್ಲ.

ಮುಳ್ಳು ಐದು ನಿಮಿಷ ದಾಟಿತು. ನಾನು ಬಾಯಿ ಮುಚ್ಚಿದೆ.

ಐದೂವರೆಗೆ ಮೇಷ್ಟ್ರದೇ ಫೋನ್ ಬಂತು. ತಂಗಿ ಎತ್ತಿ ಸ್ಪೀಕರ್ ಹಾಕಿದಳು. "ದನಿ ಬಂದಿದೆ ಮೇಷ್ಟ್ರೇ, ಚೆನ್ನಾಗಿ ಬಂದಿದೆ. ಆದ್ರೆ ಇವತ್ತಿನ ಮಾತು ಮುಗಿದುಹೋಯ್ತು. ನಾಳೆ ಬೆಳಿಗ್ಗೆ ಮೊದಲ ಕೆಲಸ ಅದೇ, ಖಂಡಿತ..."

"ಆರಕ್ಕೆ ಅಚ್ಚಿಗೆ ಹೋಗತ್ತಮ್ಮ. ನನ್ನ ಕೈಯಲ್ಲಿಲ್ಲ. ನಾಲ್ಕು ವಾರ ಕೂಡಿಟ್ಟ ಮಾತು ಅದು. ಯಾರ ಹತ್ರ ಆಡಿದಳು?"

ತಂಗಿ ನನ್ನ ಮುಖ ನೋಡಿದಳು. ಕಣ್ಣು ಒರೆಸಿಕೊಂಡು ನೆಟ್ಟಗೆ ಕೂತಳು.

"ನನ್ನ ಹತ್ರ," ಎಂದಳು.

ಸೆಪ್ಟೆಂಬರ್ ೩೦, ಮಂಗಳವಾರ

ಪೋಸ್ಟರಿನಲ್ಲಿ ಇನ್ನೊಬ್ಬಳ ಹೆಸರು ಬಂದಿದೆ. ಒಳ್ಳೆಯ ನಟಿ, ಚೆನ್ನಾಗಿ ಮಾಡುತ್ತಾಳೆ. ಅರ್ಧ ಗಂಟೆ ಅತ್ತೆ. ಆಮೇಲೆ ಕಾಫಿ ಕುಡಿದೆ.

ಇವತ್ತಿನ ಐದು ನಿಮಿಷ ಇನ್ನೂ ಮುಟ್ಟಿಲ್ಲ. ತಂಗಿ ಕುರ್ಚಿ ಎಳೆದುಕೊಂಡು ಎದುರಿಗೇ ಕೂತಿದ್ದಾಳೆ. ಆಗಿನಿಂದ ಒಂದೇ ಸಮ, "ಬರೆದಿದ್ದು ಸಾಕು, ಮಾತಾಡು," ಎನ್ನುತ್ತಿದ್ದಾಳೆ.